ಪಕ್ಕದ ಗುಳಿ

ಜನವರಿ 6

ಚೂಟಿಗೆ ಅತ್ತಿಗೆಯ ಪ್ರೀತಿ.

ನೀನು ಕೇಳಿದ್ದ ಎಣ್ಣೆ ಈ ಕಾಗದದ ಜೊತೆಗೇ ಬರುತ್ತಿದೆ. ನಿಮ್ಮ ಲ್ಯಾಬಿನ ಮೇಡಂಗೆ ಬೇಕಾದ ಚೀಟಿಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ: ನಿಂಬೆಹುಲ್ಲು, ನಾಲ್ಕನೇ ತಾರೀಖು ಇಬ್ಬನಿ ಆರಿದ ಮೇಲೆ ಕೊಯ್ದದ್ದು, ಒಂದು ದಿನ ನೆರಳಲ್ಲಿ ಬಾಡಿಸಿದ್ದು, ಹಂಡೆಯಲ್ಲಿ ಮೂರು ಗಂಟೆ ಆವಿ. ಕಳೆದ ಸಲ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು, ನಿನ್ನಣ್ಣ ಹಂಡೆಗೆ ತೊಟ್ಟಿಯ ಮುಚ್ಚಳ ಹಾಕಿ ಅರ್ಧ ದಿನ ಆವಿಯನ್ನೆಲ್ಲ ಆಕಾಶಕ್ಕೆ ಬಿಟ್ಟ ಕಥೆಯೂ ನಿಮ್ಮ ಆಫೀಸಿನ ಫೈಲಿಗೆ ಸೇರಿತಂತಲ್ಲ. ಇನ್ನು ಮೇಲೆ ಎಣ್ಣೆಯ ಮಾತು ಮೇಡಂಗೆ, ಮನೆಯ ಮಾತು ನಿನಗೆ.

ಈ ವರ್ಷ ಕೊಯ್ಲಿಗೆ ಒಬ್ಬ ಆಳೂ ಸಿಗಲಿಲ್ಲ. ಎಲ್ಲರೂ ರಸ್ತೆ ಕೆಲಸಕ್ಕೆ ಹೋಗಿದ್ದಾರೆ. ನಾವಿಬ್ಬರೇ ಕೊಯ್ಯುತ್ತಿದ್ದೇವೆ. ನಾನು ಕುಡುಗೋಲು ಹಿಡಿದು ಮುಂದೆ, ನಿನ್ನಣ್ಣ ಕಟ್ಟು ಕಟ್ಟುತ್ತಾ ಹಿಂದೆ. ಹುಲ್ಲಿನ ಅಂಚು ತಾಗಿ ಬೆರಳಲ್ಲಿ ಒಂದು ಚುಕ್ಕೆ ರಕ್ತ ಕಂಡರೆ ಸಾಕು, ಬದುವಿನ ಮೇಲೆ ಕುಳಿತುಬಿಡುತ್ತಾರೆ. "ಏಳ್ರೀ, ಮೋಡ ಕಟ್ತಾ ಇದೆ" ಅಂದರೆ, "ನೋಡಬಾರದು ಅಂದ್ಕೊಂಡೇ ನೋಡಿಬಿಟ್ಟೆ ಕಣೇ, ತಲೆ ಸುತ್ತುತ್ತಿದೆ" ಅನ್ನುತ್ತಾರೆ. ನಿಮ್ಮ ಮನೆತನದ ಧೈರ್ಯ ಇಷ್ಟು.

ಈ ಇಳಿಜಾರಿನಲ್ಲಿ ಫೋನು ಕಾಗದ ಹಾರದಂತೆ ಮೇಲಿಡುವುದಕ್ಕೆ ಮಾತ್ರ ಉಪಯೋಗ. ಆದ್ದರಿಂದ ಬರೆಯುತ್ತಿರು. ಇಲ್ಲಿ ಎಲ್ಲರೂ ಸುಖ ಎಂದು ಕೊನೆಗೆ ಬರೆಯಬೇಕಲ್ಲ, ಬರೆದಿದ್ದೇನೆ.

ಅತ್ತಿಗೆ

---

ಜನವರಿ 27

ಅತ್ತಿಗೆಗೆ ನಮಸ್ಕಾರ.

ಸೀಸೆ ತಲುಪಿತು. ಅಂಚೆಯವನು ಅದನ್ನು ಕೊಡುವಾಗ "ಇದರಲ್ಲಿ ಏನಿದೆ, ನನ್ನ ಚೀಲವೆಲ್ಲ ಘಮ್ ಅಂತಿದೆ" ಅಂದ.

ಇಲ್ಲಿ ಏನು ಮಾಡುತ್ತೇನೆ ಎಂದು ನೀವು ಕೇಳುತ್ತಲೇ ಇದ್ದಿರಿ. ಕೇಳಿ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿ. ಒಂದೊಂದರಲ್ಲೂ ಎದೆಯ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸುತ್ತೇವೆ. ಎಂದೋ ಯಾವಳೋ ಹೆಂಗಸಿನ ಮೈಯಿಂದ ತೆಗೆದವು, ಇನ್ನೂ ಬೆಳೆಯುತ್ತಲೇ ಇವೆ. ಎಡಗಡೆಯ ಸಾಲಿಗೆ ಎಣ್ಣೆಯನ್ನು ಗಟ್ಟಿ ಅಳತೆಯಲ್ಲಿ ಹಾಕಿ, ಬಲಕ್ಕೆ ಹೋದಂತೆ ತೆಳು ಮಾಡುತ್ತೇವೆ. ಮುಚ್ಚಳ ಹಾಕಿ ಎರಡು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತದ್ದಕ್ಕೆ ಆ ಶಕ್ತಿ ಇಲ್ಲ, ಹಳದಿಯಾಗಿಯೇ ಉಳಿಯುತ್ತದೆ.

ಅತ್ತಿಗೆ, ನಿಮ್ಮ ಎಣ್ಣೆಯ ತಟ್ಟೆ ಹೆಚ್ಚು ಕಡಿಮೆ ಪೂರ್ತಿ ಹಳದಿ. ಎಲ್ಲಕ್ಕಿಂತ ತೆಳು ಅಳತೆಯಲ್ಲೂ ನೂರಕ್ಕೆ ಎಂಬತ್ತು ಸತ್ತಿವೆ. ಇನ್ನೊಂದು ತಟ್ಟೆಯಲ್ಲಿ ಆರೋಗ್ಯವಂತ ಕೋಶಗಳಿದ್ದವು. ಅವು ನಿಧಾನವಾಗಿ ಬೆಳೆಯುವುದರಿಂದ ಸ್ವಲ್ಪವೇ ಇದ್ದವು, ಹಾಗಾಗಿ ಆ ತೆಳು ಅಳತೆಯೊಂದನ್ನೇ ಹಾಕಿದೆ. ಅವಕ್ಕೆ ಏನೂ ಆಗಿಲ್ಲ, ಚೆನ್ನಾದ ನೇರಳೆ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನಿಮ್ಮತ್ತಿಗೆ ಇದಕ್ಕೆ ಏನು ಹಾಕ್ತಾರೆ?" ಅಂದರು. "ಬೈಗುಳ ಮೇಡಂ" ಅಂದೆ.

ಇದಿನ್ನೂ ತಟ್ಟೆಯ ಮಾತು, ಮನುಷ್ಯರ ಮಾತಲ್ಲ. ಆದರೂ ಎರಡು ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ.

ಚೂಟಿ

---

ಫೆಬ್ರವರಿ 11

ಚೂಟಿ,

ನಿನ್ನ ಕಾಗದವನ್ನು ಎರಡು ಸಲ ಓದಿ, ಮೂರನೇ ಸಲ ನಿನ್ನಣ್ಣನಿಗೆ ಓದಿ ಹೇಳಿದೆ. ಅವರು ಅದೇ ಸಂಜೆ ಹೋಗಿ ನಮ್ಮ ಎಣ್ಣೆ ಕೊಳ್ಳುವ ಸಾಬೂನಿನವನಿಗೆ ಒದರಿ ಬಂದಿದ್ದಾರೆ. ಅವನು ಮಾರನೆಯ ದಿನವೇ ಬಂದು, "ಅಕ್ಕಾ, ಸಾಬೂನಿನ ಕಾಗದದ ಮೇಲೆ ಅಚ್ಚು ಹಾಕಿಸಿಬಿಡ್ಲಾ?" ಅಂದ. "ಮೊದಲು ನಿನ್ನ ಸಾಬೂನಲ್ಲಿ ನೊರೆ ಬರಿಸಪ್ಪಾ" ಅಂದು ಕಳಿಸಿದೆ.

ಈಗ ಒಂದು ಮಾತು ಕೇಳುತ್ತೇನೆ. ನಮ್ಮಲ್ಲಿ ಕೊಯ್ಲಿಗೆ ಬರುವ ಒಬ್ಬ ಹೆಂಗಸು ಇದ್ದಾಳೆ, ನನ್ನ ವಯಸ್ಸಿನವಳೇ. ಎಡ ಎದೆಯಲ್ಲಿ ಒಂದು ಗಂಟು, ಕಡಲೆಕಾಳಿನಷ್ಟು. ನೋವಿಲ್ಲ. ಒಣ ಕೈಗೆ ಸಿಗುವುದೇ ಇಲ್ಲ, ಸ್ನಾನದಲ್ಲಿ ಸಾಬೂನು ಹಚ್ಚಿದಾಗ ಬೆರಳಿಗೆ ತಡೆಯುತ್ತದೆ. ಮಲಗಿದರೆ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಗಂಡನಿಗೆ ಹೇಳಿಲ್ಲ, ಅವನೊಬ್ಬ ಪುಕ್ಕಲ ಮನುಷ್ಯ, ಇವಳೇ ಅವನನ್ನು ಹೊತ್ತು ಆಸ್ಪತ್ರೆಗೆ ಹೋಗಬೇಕಾದೀತು. ಅಂಥವಳು ಏನು ಮಾಡಬೇಕು? ನಿನ್ನ ತೆಳು ಅಳತೆ ಎಂದರೆ ಎಷ್ಟು? ಹನಿಯ ಲೆಕ್ಕದಲ್ಲಿ ಬರೆದರೆ ನನಗೆ ತಿಳಿಯುತ್ತದೆ.

ಅವಳು ಕೇಳಿದ್ದಕ್ಕೆ ಬರೆದೆ, ಅಷ್ಟೇ.

ಅತ್ತಿಗೆ

---

ಫೆಬ್ರವರಿ 22

ಅತ್ತಿಗೆಗೆ ನಮಸ್ಕಾರ.

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಆ ಹೆಂಗಸನ್ನು ಈ ವಾರವೇ ದೊಡ್ಡಾಸ್ಪತ್ರೆಗೆ ಕಳಿಸಿ. ಗಂಟಿನಿಂದ ಒಂದು ಚೂರು ತೆಗೆದು ನೋಡುತ್ತಾರೆ, ಆಗ ತಿಳಿಯುತ್ತದೆ. ನೋವಿಲ್ಲ ಎಂದು ಸುಮ್ಮನಿರಬಾರದು. ಹನಿಯ ಲೆಕ್ಕ ಕೊಡಲಾರೆ, ತಟ್ಟೆಯ ಅಳತೆಯನ್ನು ಮೈಗೆ ಹೊಂದಿಸುವುದು ಯಾರಿಗೂ ಗೊತ್ತಿಲ್ಲ.

ನನಗೆ ಇನ್ನೂ ಎರಡು ಸೀಸೆ ಎಣ್ಣೆ ಬೇಕು. ಪರೀಕ್ಷೆಯನ್ನು ಮತ್ತೆ ಮಾಡಬೇಕಾಗಿದೆ. ಯಾಕೆ ಎಂದು ಈಗ ಕೇಳಬೇಡಿ. ಇದರ ವಿಷಯ ಸದ್ಯಕ್ಕೆ ಯಾರ ಹತ್ತಿರವೂ ಆಡುವುದು ಬೇಡ. ಅಣ್ಣನ ಬಾಯಿಗೂ ಒಂದು ಬಿರಡೆ ಹಾಕಿ.

ಚೂಟಿ

---

ಮಾರ್ಚ್ 24

ಚೂಟಿ,

ಎರಡು ಸೀಸೆ ಕಳಿಸಿದ್ದೇನೆ. ಯಾರ ಹತ್ತಿರವೂ ಆಡಬೇಡಿ ಎಂದು ನೀನು ಬರೆದದ್ದು ಅರ್ಥವಾಯಿತು. ದೊಡ್ಡದೇನೋ ಕೈಗೆ ಸಿಕ್ಕಿರಬೇಕು, ಬೇರೆಯವರು ಕಸಿದುಕೊಳ್ಳದಂತೆ ಮುಚ್ಚಿಡುತ್ತಿದ್ದೀರಿ. ಒಳ್ಳೆಯದು. ನನ್ನ ಬಾಯಿಂದ ಒಂದಕ್ಷರ ಹೊರಬೀಳುವುದಿಲ್ಲ.

ಆ ಹೆಂಗಸು ಎರಡನೇ ಕೊಯ್ಲು ಮುಗಿಯಲಿ ಅನ್ನುತ್ತಿದ್ದಾಳೆ. ಹುಲ್ಲು ಬಲಿತು ನಿಂತಿದೆ, ಈಗ ಬಿಟ್ಟರೆ ಎಣ್ಣೆ ಇಳಿಯುವುದಿಲ್ಲ. ಗಂಟು ಸ್ವಲ್ಪ ಬೆಳೆದಿದೆಯಂತೆ, ಹುಣಸೆಬೀಜದಷ್ಟು. ಸಾಯುವ ಮೊದಲು ಉಬ್ಬುತ್ತದೋ ಏನೋ ಎಂದು ಅವಳ ಊಹೆ. ಹಾಗೂ ಇರಬಹುದಾ?

ನನಗೆ ಹದಿನೈದು ದಿನದಿಂದ ಬಾಯಿ ಹುಣ್ಣು. ನಾಲಗೆಯ ಅಂಚು ಸುಟ್ಟ ಹಾಗೆ. ಬಿಸಿ ಮುಟ್ಟಿದರೆ ಉರಿ, ಎಲ್ಲ ಆರಿಸಿಕೊಂಡು ತಿನ್ನುತ್ತೇನೆ. ನಿನ್ನಣ್ಣ "ಅಷ್ಟು ಮಾತಾಡಿದ್ರೆ ಇನ್ನೇನಾಗುತ್ತೆ" ಅಂದರು. "ಕೇಳಿದವರ ಕಿವಿಗೂ ಹುಣ್ಣಾಗಬೇಕಿತ್ತಲ್ಲ" ಅಂದೆ. ನಕ್ಕರು. ಅವರು ನಗುತ್ತಿದ್ದರೆ ನನಗೆ ಕೆಲಸ ಸುಲಭ.

ಅತ್ತಿಗೆ

---

ಏಪ್ರಿಲ್ 19

ಅತ್ತಿಗೆಗೆ ನಮಸ್ಕಾರ.

ಎರಡು ತಿಂಗಳಿಂದ ಕಾಗದ ಹಾಕಲಿಲ್ಲ ಎಂದು ಬೈದುಕೊಂಡಿರುತ್ತೀರಿ. ಬೈಯುವುದಕ್ಕೆ ಇನ್ನೂ ದೊಡ್ಡ ಕಾರಣ ಕೊಡುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ, ಮೇಡಂಗೂ ಹೇಳಿಲ್ಲ.

ಫೆಬ್ರವರಿಯಲ್ಲಿ ಪರೀಕ್ಷೆಯನ್ನು ಎರಡನೇ ಸಲ ಮಾಡಿದಾಗ ಗುಳಿಗಳ ಜಾಗ ಬದಲಿಸಿದೆ. ಪ್ರತಿ ತಟ್ಟೆಯಲ್ಲೂ ಕೆಲವು ಗುಳಿಗಳಿಗೆ ಎಣ್ಣೆ ಹಾಕದೆ ಬಿಡುತ್ತೇವೆ, ಹೋಲಿಸಿ ನೋಡಲು. ಮೊದಲ ಸಲ ಅವು ತಟ್ಟೆಯ ತುದಿಯಲ್ಲಿ, ಎಣ್ಣೆಯ ಗುಳಿಗಳಿಂದ ಎರಡು ಸಾಲು ಖಾಲಿ ಬಿಟ್ಟು ಇದ್ದವು. ಈ ಸಲ ನಡುವೆ, ಗಟ್ಟಿ ಅಳತೆಯ ಪಕ್ಕದಲ್ಲಿಟ್ಟೆ. ಅವೂ ಹಳದಿಯಾದವು. ಒಂದು ಹನಿ ಎಣ್ಣೆ ಕಾಣದ ಕೋಶಗಳು ಸತ್ತು ಬಿದ್ದಿವೆ.

ನನ್ನ ಕೈ ತಪ್ಪಿತು ಅಂದುಕೊಂಡೆ. ಆರು ಸಲ ಮಾಡಿದೆ. ಕೈಗವಸು ಬದಲಿಸಿದೆ, ಪೆಟ್ಟಿಗೆ ಬದಲಿಸಿದೆ, ನೀರು ಬದಲಿಸಿದೆ. ಆರು ಸಲವೂ ಅದೇ. ನಿಮ್ಮ ಸೀಸೆ ಕೆಟ್ಟಿರಬಹುದು ಎಂದೂ ಒಂದು ದಿನ ಅನುಮಾನಪಟ್ಟೆ, ತಪ್ಪಾಯಿತು. ಮುಂದಿನ ತಿಂಗಳು ಮೇಡಂ ಇದನ್ನು ಹೊರಗಿನವರ ಮುಂದೆ ಹೇಳುವವರಿದ್ದಾರೆ. ಅವರು ದಿನಾ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು "ನಮ್ಮ ಹುಲ್ಲು ಹೇಗಿದೆ?" ಅಂತಾರೆ. "ಚೆನ್ನಾಗಿದೆ ಮೇಡಂ" ಅಂತೀನಿ.

ನಿಮ್ಮ ಖುಷಿ ನೋಡಿ ನಿಮಗೂ ಹೇಳಲು ಬಾಯಿ ಬರಲಿಲ್ಲ. ಅಣ್ಣ ಊರಿಗೆಲ್ಲ ಹೇಳಿರುತ್ತಾನೆ. ಯಾರ ಮುಖ ಹೇಗೆ ನೋಡಲಿ?

ಚೂಟಿ

---

ಏಪ್ರಿಲ್ 26

ಚೂಟಿ,

ಇಷ್ಟಕ್ಕೆ ಎರಡು ತಿಂಗಳು ಒಬ್ಬಳೇ ಕೊರಗಿದೆಯಾ? ನನ್ನನ್ನು ಅಂದೇ ಕೇಳಿದ್ದರೆ ಹೇಳುತ್ತಿದ್ದೆ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಿಮ್ಮಮ್ಮ ಮೊದಲು ಕಲಿಸಿದ್ದು ಹಂಡೆ ಹೊತ್ತಿಸುವುದನ್ನಲ್ಲ. ನೀನು ಆಗ ಹಾಸ್ಟೆಲಿನಲ್ಲಿ ಪುಸ್ತಕದೊಳಗಿದ್ದೆ. ಒಂದು ಸಂಜೆ ಅತ್ತೆ ಬೀರುವಿನೊಳಗೆ ಬಿರಡೆಯಿಲ್ಲದ ಎಣ್ಣೆಸೀಸೆಯನ್ನೂ ಒಂದು ಲೋಟ ನೀರನ್ನೂ ಪಕ್ಕಪಕ್ಕ ಇಟ್ಟು ಬಾಗಿಲು ಹಾಕಿದರು. ಬೆಳಿಗ್ಗೆ ಆ ನೀರನ್ನು ನನ್ನ ಕೈಗೆ ಕೊಟ್ಟು "ಕುಡಿ" ಅಂದರು. ಕುಡಿದೆ.

"ಏನು ರುಚಿ?"

"ಹುಲ್ಲಿನ ರುಚಿ ಅತ್ತೆ."

"ನಾನು ಒಂದು ಹನೀನೂ ಹಾಕಿಲ್ಲ. ಇದು ಕಡಲೆ ಎಣ್ಣೆ ಅಲ್ಲ ಕಣಮ್ಮ, ಕೂರಿಸಿದ ಕಡೆ ಕೂರೋದಕ್ಕೆ. ಇದಕ್ಕೆ ಕಾಲಿದೆ."

ಅಂದಿನಿಂದ ನಾನು ಎರಡು ಎಣ್ಣೆಯನ್ನು ಒಂದೇ ಬೀರುವಿನಲ್ಲಿ ಇಟ್ಟವಳಲ್ಲ. ನಿನ್ನ ತಟ್ಟೆಯಲ್ಲಿ ತೊಂಬತ್ತಾರು ಗುಳಿಗೂ ಒಂದೇ ಮುಚ್ಚಳ, ಅದರ ಮೇಲೆ ಎರಡು ದಿನ ಬೆಚ್ಚಗೆ ಇಡುತ್ತೀರಿ. ಗಟ್ಟಿ ಅಳತೆಯ ಗುಳಿಯಿಂದ ಎಣ್ಣೆ ಎದ್ದು ಪಕ್ಕದ ಗುಳಿಗೆ ಹೋಗಿ ಕುಳಿತಿದೆ. ನಿನ್ನ ಕೈ ತಪ್ಪಿಲ್ಲ, ನನ್ನ ಸೀಸೆಯೂ ಕೆಟ್ಟಿಲ್ಲ. ಒಂದೊಂದು ಅಳತೆಗೆ ಒಂದೊಂದು ತಟ್ಟೆ ಮಾಡು, ಗಾಳಿ ಹೋಗದ ಹಾಗೆ ಬಿಗಿದು ಮುಚ್ಚು.

ಹಾಗಾದರೆ ತೆಳು ಅಳತೆಯಲ್ಲೂ ನೂರಕ್ಕೆ ಎಂಬತ್ತು ಸತ್ತವು ಎಂದಿದ್ದೆಯಲ್ಲ, ಅವು ತೆಳು ಅಳತೆಗೆ ಸತ್ತದ್ದಲ್ಲ. ಒಳ್ಳೆಯ ಕೋಶಗಳ ತಟ್ಟೆಯಲ್ಲಿ ತೆಳು ಅಳತೆ ಬಿಟ್ಟು ಬೇರೆ ಇರಲಿಲ್ಲ ಎಂದು ನೀನೇ ಬರೆದಿದ್ದೀಯ. ಅವುಗಳ ಪಕ್ಕದಲ್ಲಿ ಗಟ್ಟಿ ಗುಳಿ ಇರಲಿಲ್ಲ, ಬದುಕಿಕೊಂಡವು. ಎಣ್ಣೆ ಅವುಗಳ ಗುರುತು ಹಿಡಿದು ಬಿಟ್ಟದ್ದಲ್ಲ.

ಇಷ್ಟು ಬರೆದು ಎದ್ದು ಹೋಗಿ ಹಂಡೆಗೆ ಸೌದೆ ಒಟ್ಟಿ ಬಂದೆ. ಬಂದು ಮತ್ತೆ ಓದಿದೆ. ಸರಿಯಾಗಿಯೇ ಇದೆ.

ನಿಮ್ಮ ಮೇಡಂಗೆ ಇವತ್ತೇ ಹೇಳು. ನಾಳೆ ಅನ್ನಬೇಡ. ಒಂದು ವಿಷಯವನ್ನು ಒಳಗಿಟ್ಟುಕೊಂಡರೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ, ಬೆಳೆಯುತ್ತದೆ.

ಅತ್ತಿಗೆ

---

ಮೇ 14

ಅತ್ತಿಗೆಗೆ ನಮಸ್ಕಾರ.

ಮೇಡಂಗೆ ಹೇಳಿದೆ. ಹೊರಗಿನವರ ಮುಂದೆ ಹೇಳುವುದನ್ನು ಅವರು ಅಲ್ಲೇ ನಿಲ್ಲಿಸಿದರು. ಆಮೇಲೆ ನಿಮ್ಮ ಕಾಗದ ಕೇಳಿ ಓದಿ, "ನಾನು ಇಪ್ಪತ್ತು ವರ್ಷ ಓದಿದ್ದೀನಿ, ಇವರು ಒಂದು ಲೋಟ ನೀರು ಕುಡಿದಿದ್ದಾರೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ನೀವು ಹೇಳಿದಂತೆ ಒಂದೊಂದು ಅಳತೆಗೂ ಬೇರೆ ತಟ್ಟೆ ಮಾಡಿ ಬಿಗಿದು ಮುಚ್ಚಿದೆ. ತೆಳು ಅಳತೆಯಲ್ಲಿ ಕ್ಯಾನ್ಸರ್ ಕೋಶಗಳು ಒಂದೂ ಸತ್ತಿಲ್ಲ, ತಟ್ಟೆ ತುಂಬ ನೇರಳೆ. ಗಟ್ಟಿ ಅಳತೆಯಲ್ಲಿ ಅವೂ ಸತ್ತವು, ಒಳ್ಳೆಯವೂ ಸತ್ತವು, ಸರಿಸಮ. ನೀವು ಬರೆದಂತೆಯೇ ಆಯಿತು.

ಇನ್ನೊಂದು ವಿಷಯ. ಮೇಡಂಗೆ ಕೊಡಲು ನಿಮ್ಮ ಕಾಗದಗಳನ್ನು ಹುಡುಕುವಾಗ ಮೊದಲಿನಿಂದ ಎಲ್ಲವನ್ನೂ ಒಟ್ಟಿಗೆ ಓದಿದೆ. ಜನವರಿಯಲ್ಲಿ, ಈ ವರ್ಷ ಕೊಯ್ಲಿಗೆ ಒಬ್ಬ ಆಳೂ ಸಿಗಲಿಲ್ಲ ಎಂದು ಬರೆದಿದ್ದೀರಿ. ಫೆಬ್ರವರಿಯಲ್ಲಿ ಕೊಯ್ಲಿಗೆ ಬರುವ ಹೆಂಗಸು ಎಂದು ಬರೆದಿದ್ದೀರಿ. ಮಾರ್ಚಿನಲ್ಲಿ ನಿಮ್ಮ ನಾಲಗೆ ಸುಟ್ಟಿದೆ.

ಅತ್ತಿಗೆ, ಆ ಹೆಂಗಸು ಯಾರು?

ನಾನು ನನ್ನ ತಟ್ಟೆಯ ಚಿಂತೆಯಲ್ಲಿ ಕಣ್ಣು ಮುಚ್ಚಿಕೊಂಡು ಓದಿದ್ದೇನೆ. ನೀವು ಉತ್ತರ ಬರೆದರೂ ಬರೆಯದಿದ್ದರೂ ಇಪ್ಪತ್ತೆರಡಕ್ಕೆ ರಜೆ ಹಾಕಿದ್ದೇನೆ, ಬರುತ್ತೇನೆ.

ಚೂಟಿ

---

ಮೇ 19

ಚೂಟಿ,

ಮನೆಗೆ ಬರಬೇಡ, ದೊಡ್ಡಾಸ್ಪತ್ರೆಗೆ ಬಾ. ಎರಡನೇ ಮಹಡಿ, ಹೆಂಗಸರ ವಾರ್ಡು, ಕಿಟಕಿಯ ಪಕ್ಕದ ಮಂಚ. ನಿನ್ನ ಕಾಗದ ತಲುಪುವ ಮೊದಲೇ ನಾವು ಇಲ್ಲಿಗೆ ಬಂದಿದ್ದೆವು. ನಿನ್ನಣ್ಣ ಬಟ್ಟೆ ತರಲು ಮನೆಗೆ ಹೋದವರು ಅದನ್ನೂ ತಂದುಕೊಟ್ಟರು.

ನಿನಗೆ ಉತ್ತರ ಬರೆದ ಆ ದಿನವೇ ನನಗೆ ಗೊತ್ತಾಯಿತು. ತಟ್ಟೆಯ ಫಲಿತಾಂಶಕ್ಕೆ ಕಾಯುವುದೇನಿತ್ತು? ಇಪ್ಪತ್ತು ವರ್ಷದಿಂದ ಆ ಎಣ್ಣೆಯ ಜೊತೆಗಿದ್ದೇನೆ. ಅದು ಯಾರನ್ನೂ ಆರಿಸಿ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ, ನನಗಾಗಿ ಆರಿಸಲಿ ಎಂದು ಮೂರು ತಿಂಗಳು ಕುಡಿದೆ. ಬೇರೆಯವರು ಬಂದು ಕೇಳಿದ್ದರೆ ಬುದ್ಧಿ ಹೇಳಿ ಕಳಿಸುತ್ತಿದ್ದೆ.

ಅವತ್ತು ಮಧ್ಯಾಹ್ನ ನಿನ್ನಣ್ಣನನ್ನು ಮೊದಲು ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಹೇಳಿದೆ. ಬೀಳುತ್ತಾರೆ ಎಂದು ಹತ್ತಿರವೇ ನಿಂತಿದ್ದೆ. ಬೀಳಲಿಲ್ಲ. "ನಿನ್ನ ಉಸಿರಲ್ಲಿ ಎಣ್ಣೆ ವಾಸನೆ ಬರ್ತಿತ್ತು. ಹಂಡೆ ಹತ್ರ ಇರ್ತಾಳಲ್ಲ ಅಂದ್ಕೊಂಡೆ" ಅಂದರು. ಆಮೇಲೆ "ನಾನು ಅಷ್ಟು ಕೆಲಸಕ್ಕೆ ಬಾರದವನಾ?" ಅಂದರು.  ನಾನು ಅವರ ಕೈ ಹಿಡಿದು ಗಂಟಿನ ಮೇಲಿಟ್ಟೆ. ಮಾರನೆಯ ದಿನ ಸಾಬೂನಿನವನ ಅಂಗಡಿಗೆ ಅವರೇ ಹೋಗಿ, "ನಾನು ಹೇಳಿದ್ದು ಸುಳ್ಳು, ಯಾರಿಗಾದ್ರೂ ಹೇಳಿದ್ರೆ ಹೋಗಿ ಸರಿ ಮಾಡಿ ಬಾ" ಎಂದು ನಿಂತು ಹೇಳಿ ಬಂದರು. ಅದೇ ದಿನ ಇಲ್ಲಿಗೆ ಬಂದೆವು.

ಚೂರು ತೆಗೆದು ನೋಡಿದ್ದಾರೆ. ಅದೇ. ಕಂಕುಳಿಗೆ ಹೋದಂತೆ ಕಾಣುವುದಿಲ್ಲ, ತೆರೆದು ನೋಡಿದ ಮೇಲೆ ಖಚಿತ ಎನ್ನುತ್ತಾರೆ. ನಾಡಿದ್ದು ಬೆಳಿಗ್ಗೆ ಆಪರೇಷನ್, ಎಡ ಎದೆ ಪೂರ್ತಿ ತೆಗೆಯುತ್ತಾರೆ. ಡಾಕ್ಟರಮ್ಮ ಎಣ್ಣೆಯ ವಿಷಯಕ್ಕೆ ಚೆನ್ನಾಗಿ ಬೈದರು. ಫೆಬ್ರವರಿಯಲ್ಲೇ ಬಂದಿದ್ದರೆ ಗಂಟಷ್ಟೇ ತೆಗೆದು ಬಿಡಬಹುದಿತ್ತಂತೆ. ಅದನ್ನು ಕೇಳಿದಾಗ ಮಾತ್ರ ಸ್ವಲ್ಪ ಕಷ್ಟವಾಯಿತು.

ನೀನು ಇದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಆಸ್ಪತ್ರೆಗೆ ಕಳಿಸಿ ಎಂದು ನೀನು ಬರೆದ ಸಾಲೂ ಆ ಕಾಗದದಲ್ಲಿತ್ತು. ಬೇಕಾದ ಸಾಲನ್ನು ಮಾತ್ರ ಓದಿಕೊಂಡವಳು ನಾನು.

ಇದರ ಜೊತೆ ಒಂದು ಪುಟ್ಟ ಪುಸ್ತಕ ಇಟ್ಟಿದ್ದೇನೆ. ದಿನಕ್ಕೆ ಎಷ್ಟು ಹನಿ, ಯಾವ ಬಟ್ಟಿಯದು, ವಾರಕ್ಕೊಮ್ಮೆ ಗಂಟಿನ ಅಳತೆ. ದಾರ ಹಿಡಿದು ಅಳೆದು, ಆ ದಾರವನ್ನೇ ಹಾಳೆಗೆ ಅಂಟಿಸಿದ್ದೇನೆ. ಹನ್ನೊಂದು ದಾರ, ಒಂದಕ್ಕಿಂತ ಒಂದು ಉದ್ದ. ಮೇಡಂ ಬರೆಯುವಾಗ ಉಪಯೋಗಕ್ಕೆ ಬಂದರೆ ಬರಲಿ. ನಿಮ್ಮ ತೊಂಬತ್ತಾರು ಗುಳಿಯ ಪಕ್ಕ ಲೆಕ್ಕಕ್ಕೆ ಸಿಗದ ಇನ್ನೊಂದು ಗುಳಿ ಇತ್ತು, ಅದು ನಾನೇ ಆಗಿದ್ದೆ.

ಅತ್ತಿಗೆ

---

ಜೂನ್ 30

ಚೂಟಿ,

ನೀನು ಹೋಗಿ ತಿಂಗಳಾಯಿತು. ನಾವು ಮನೆಗೆ ಬಂದಿದ್ದೇವೆ, ಹೊಲಿಗೆ ಒಣಗಿದೆ. ಕಂಕುಳಿನ ವರದಿ ಬಂತು: ಎರಡು ಗ್ರಂಥಿಯಲ್ಲಿ ಸ್ವಲ್ಪ ಸಿಕ್ಕಿದೆಯಂತೆ. ಮುಂದಿನ ವಾರದಿಂದ ರಕ್ತನಾಳಕ್ಕೆ ಔಷಧಿ ಏರಿಸುತ್ತಾರೆ, ಆರು ಸಲ. ಕೂದಲು ಹೋಗುತ್ತದೆ. ನಿನ್ನಣ್ಣ "ನಿಂದು ಹೋದ್ರೆ ನಂದೂ ತೆಗೆಸ್ತೀನಿ" ಅಂದರು. ಅವರಲ್ಲಿ ತೆಗೆಸುವುದಕ್ಕೆ ಎಷ್ಟಿದೆ ಎಂದು ನಿನಗೇ ಗೊತ್ತು.

ಅವರೇ ಈಗ ಗಾಯಕ್ಕೆ ಬಟ್ಟೆ ಕಟ್ಟುವುದು. ಮೊದಲ ದಿನ ಕಣ್ಣು ಮುಚ್ಚಿಕೊಂಡು ಕಟ್ಟಲು ಹೋಗಿ ನನ್ನ ಮೊಣಕೈಗೆ ಕಟ್ಟಿದರು. ಎರಡನೇ ದಿನ ಕಣ್ಣು ಬಿಟ್ಟರು. ಬಿಟ್ಟವರು ಮತ್ತೆ ಮುಚ್ಚಲಿಲ್ಲ, ನಿಧಾನವಾಗಿ ನೋಡಿದರು. ಹೊಲಿಗೆ ಎಣಿಸಿ, "ಇಪ್ಪತ್ಮೂರು. ಚೆನ್ನಾಗಿ ಹಾಕಿದ್ದಾರೆ" ಅಂದರು. ನಾನು ಅವತ್ತು ಅತ್ತುಬಿಟ್ಟೆ, ಅವರಿಗೆ ಕಾಣದ ಹಾಗೆ ಅಲ್ಲ, ಎದುರಿಗೇ.

ಮೇಡಂ ಬರೆಯುವ ಲೇಖನದಲ್ಲಿ ನನ್ನ ಹೆಸರು ಹಾಕಲೇ ಎಂದು ಕೇಳಿದ್ದೀರಿ. ಬೇಡ. ಎಣ್ಣೆ ತೆಗೆಯುವ ಒಬ್ಬರು ಹೇಳಿದರು ಎಂದರೆ ಸಾಕು. ಆದರೆ ಮುಚ್ಚಳದ ಮಾತನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮೇಲೆ ಹಾಕಿ. ಇನ್ನೆಲ್ಲೋ ಯಾವಳೋ ಕಾಗದ ಓದುತ್ತಿರುತ್ತಾಳೆ.

ಎಡಗೈ ಇನ್ನೂ ತಲೆಯವರೆಗೆ ಏಳುವುದಿಲ್ಲ. ನರ್ಸಮ್ಮ ಹೇಳಿಕೊಟ್ಟ ಹಾಗೆ ಗೋಡೆಗೆ ಬೆರಳಿಟ್ಟು ಇರುವೆಯಂತೆ ಮೇಲಕ್ಕೆ ಹತ್ತಿಸುತ್ತೇನೆ. ಮುಟ್ಟಿದ ಕಡೆ ನಿನ್ನಣ್ಣ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ದಿನಕ್ಕೆ ಒಂದು ಬೆರಳು, ಒಂದೊಂದು ದಿನ ಅರ್ಧ ಬೆರಳು. ಮೊನ್ನೆಯೆಲ್ಲ ನೋವು, ಗೆರೆ ಎರಡು ದಿನ ಅಲ್ಲೇ ನಿಂತಿತ್ತು.

ಇವತ್ತು ಬೆಳಿಗ್ಗೆ ಬೆರಳಿಗೆ ಕಿಟಕಿಯ ಮೇಲಿನ ಅಗುಳಿ ಸಿಕ್ಕಿತು. ನಿನ್ನಣ್ಣ ಹಿಂದೆ ಪೆನ್ಸಿಲ್ ಹಿಡಿದು ನಿಂತಿದ್ದರು. "ನಾನು ತೆಗೀಲಾ?" ಅಂದರು. ಬೇಡ ಅಂದೆ. ಸ್ವಲ್ಪ ಹೊತ್ತು ಹಿಡಿಯಿತು. ನಾನೇ ತೆಗೆದೆ.

ಅತ್ತಿಗೆ